ಭೃತಿಯೂ ಭೃತ್ಯಾಚಾರವೂ

ಸಂಸ್ಕೃತದಲ್ಲಿ 'ಭೃ' ಎಂಬುದು ಒಂದು ಧಾತು. ಹೊರುವುದು, ಸಲಹುವುದು ಎಂಬ ಎರಡು ಅರ್ಥಗಳೂ ಅದಕ್ಕುಂಟು. ಭರ್ತೃ, ಭಾರ್ಯೆ, ಭೃತ್ಯ, ಭೃತಿ, ಭಾರ ಎಂಬ ಶಬ್ದಗಳೆಲ್ಲವೂ ಈ ಒಂದೇ ಬೇರಿನಿಂದ ಹೊರಟವು. ಭೃತಿಯೆಂದರೆ ಕೂಲಿ, ಸಂಬಳ. ಭೃತ್ಯನೆಂದರೆ ಲೋಕರೂಢಿಯಲ್ಲಿ ಆಳು. ಶಬ್ದದ ಮೂಲಾರ್ಥವಾದರೋ 'ಸಲಹಲ್ಪಡತಕ್ಕವನು' ಎಂದಾಗುತ್ತದೆ. ಆದುದರಿಂದಲೇ ಧರ್ಮಶಾಸ್ತ್ರಕಾರರು ಗೃಹಸ್ಥನು ಪೋಷಿಸಬೇಕಾದ ಮುಪ್ಪಿನ ತಾಯಿತಂದೆಗಳನ್ನೂ ಮಕ್ಕಳನ್ನೂ ಆಳುಕಾಳುಗಳನ್ನೂ ಕೆಲವೆಡೆ ಈ ಒಂದೇ ಹೆಸರಿನೊಳಗೆ ಅಡಗಿಸಿರುವರು. ಮನೆಯ ಹಿರಿಯರು ಹಾಸಿಗೆ ಹಿಡಿದಾಗ 'ಭಾರವಾದರು' ಎಂದು ಜನರು ನಿಟ್ಟುಸಿರು ಬಿಡುವುದುಂಟು. ಹೊರುವುದೂ ಸಲಹುವುದೂ ಒಂದೇ ಎಂಬ ಅರ್ಥವು ಆ ಮಾತಿನಲ್ಲಿಯೇ ಇರುವುದನ್ನು ಆಡುವವರು ಗಮನಿಸರು.

ವೀರಶೈವರ ಪಂಚಾಚಾರಗಳಲ್ಲಿ ಭೃತ್ಯಾಚಾರವೂ ಒಂದು. ಅಲ್ಲಿ ಆಳಾಗತಕ್ಕವನು ಯಜಮಾನನೇ. ಶಿವಭಕ್ತರೆಲ್ಲರೂ ಹಿರಿಯರು, ತಾನು ಅವರ ಸೇವಕನು ಎಂಬ ಭಾವವನ್ನು ನಡೆಯಲ್ಲಿ ತೋರಿಸುವುದು ಅದರ ಲಕ್ಷಣ. ಹೀಗಿರಲು, ತನ್ನ ತಾಯಿಯ ಸೇವೆಗೆಂದು ಸಂಬಳ ಕೊಟ್ಟು ಇನ್ನೊಬ್ಬಳನ್ನು ನೇಮಿಸಿದ ಗೃಹಸ್ಥನಿಗೆ ಭೃತ್ಯಾಚಾರವು ಉಳಿಯಿತೋ ಅಳಿಯಿತೋ? ಉಳಿದಿದ್ದರೆ ಯಾವುದರಲ್ಲಿ ಉಳಿದಿದೆ? ಇದು ವಾದಪ್ರಿಯರ ಕಾಲಕ್ಷೇಪಕ್ಕೆಂದು ಹುಟ್ಟಿದ ಪ್ರಶ್ನೆಯಲ್ಲ. ಇಂದು ಹಳ್ಳಿಯ ಪಡಸಾಲೆಗಳಲ್ಲಿಯೇ ಅದು ಎದ್ದು ನಿಂತಿದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿದವು. ತುಂಗಭದ್ರೆಯ ಅಂಚಿನ ಕೆಲವು ಊರುಗಳನ್ನು ಬಿಟ್ಟರೆ ಬಹುಭಾಗ ಮಳೆಯನ್ನು ನೆಚ್ಚಿದ ಸೀಮೆ. ಮಳೆ ಕೈಕೊಟ್ಟ ವರ್ಷ ದುಡಿಯುವ ಕೈಗಳು ಗುಳೆ ಹೋಗುವುದು ಇಲ್ಲಿ ಹೊಸತಲ್ಲ. ಓದಿದ ಮಕ್ಕಳು ಬೆಂಗಳೂರಿನಲ್ಲಿ ನೆಲೆ ನಿಂತು, ಹಬ್ಬಕ್ಕೂ ತೇರಿಗೂ ಊರಿಗೆ ಬಂದು ಹೋಗುವುದು ಈಚಿನ ಎರಡು ಮೂರು ತಲೆಮಾರುಗಳ ರೂಢಿ. ಹೋಗದೆ ಉಳಿದವರು ಮುದುಕರು. 2011ರ ಜನಗಣತಿಯ ಹೊತ್ತಿಗೇ ಭಾರತದಲ್ಲಿ ಅರವತ್ತು ದಾಟಿದವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿತ್ತು. ಆಯುಷ್ಯವು ಬೆಳೆಯಿತು, ಮನೆಯ ಮಂದಿ ಕಡಿಮೆಯಾದರು. ಅತ್ತೆ, ಓರಗಿತ್ತಿ, ನಾದಿನಿ, ಮೊಮ್ಮಕ್ಕಳು ಎಂದು ಹತ್ತು ಕೈಗಳು ಹಂಚಿಕೊಳ್ಳುತ್ತಿದ್ದ ಸೇವೆಯು ಒಬ್ಬ ಸೊಸೆಯ ತಲೆಯ ಮೇಲೆ ಬಿತ್ತು. ಆ ಸೊಸೆಯೂ ಪಟ್ಟಣ ಸೇರಿದಾಗ ಸಂಬಳದವರ ಕೈಗೆ ಬಂದಿತು. ಪಟ್ಟಣಗಳಲ್ಲಿ ಇಂತಹವರನ್ನು ಕಳುಹಿಸುವ ಸಂಸ್ಥೆಗಳುಂಟು. ಹಳ್ಳಿಗಳಲ್ಲಿಯಾದರೋ ಅದೇ ಊರಿನ ಅಥವಾ ಪಕ್ಕದ ತಾಂಡಾದ ಬಡ ವಿಧವೆಯೊಬ್ಬಳು ಬರುತ್ತಾಳೆ. 'ಹೋಮ್ ನರ್ಸ್' ಎಂಬ ಹೆಸರು ಮಾತ್ರ ಇಬ್ಬರಿಗೂ ಸಮಾನ.

ವಿಚಾರಕ್ಕೆ ಒಂದು ಮನೆಯನ್ನು ದೃಷ್ಟಾಂತವಾಗಿ ಕಲ್ಪಿಸಿಕೊಳ್ಳಬಹುದು. ಕೊಟ್ಟೂರಿನ ಆಸುಪಾಸಿನ ಒಂದು ಹಳ್ಳಿ. ಮಣ್ಣಿನ ಮಾಳಿಗೆಯ ಮನೆ, ಎತ್ತರದ ಹೊಸ್ತಿಲು, ಹಿತ್ತಲಲ್ಲಿ ಚಪ್ಪಡಿ ಹಾಸಿದ ಬಚ್ಚಲು. ಎಪ್ಪತ್ತೆಂಟರ ತಾಯಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿದೆ. ಹಿರಿಯ ಮಗ ಬೆಂಗಳೂರಿನಲ್ಲಿ, ಕಿರಿಯ ಮಗ ದಾವಣಗೆರೆಯಲ್ಲಿ. ಇಬ್ಬರೂ ತಾಯಿಯಲ್ಲಿ ಪ್ರೀತಿಯುಳ್ಳವರು. ತಮ್ಮಲ್ಲಿಗೆ ಕರೆದರೂ ಆಕೆ ಬರಲೊಲ್ಲಳು. ತನ್ನ ಹೊರಸು, ತನ್ನ ದೇವರ ಗೂಡು, ತನ್ನ ಬಾಗಿಲ ಮುಂದಿನ ಕಟ್ಟೆ ಇವನ್ನು ಬಿಟ್ಟು ಮೂರನೆಯ ಅಂತಸ್ತಿನ ಕೋಣೆಯಲ್ಲಿ ಪ್ರಾಣ ಬಿಡಲಾರೆನೆಂಬುದು ಆಕೆಯ ಹಟ. ಈ ಹಟವನ್ನು ಅವಿವೇಕವೆಂದು ತಳ್ಳುವಂತಿಲ್ಲ. 2019ರ ಜನವರಿಯಲ್ಲಿ ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳು ತಮ್ಮ ನೂರಹನ್ನೊಂದನೆಯ ವಯಸ್ಸಿನಲ್ಲಿ ಆಸ್ಪತ್ರೆಯಿಂದ ಹಳೆಯ ಮಠಕ್ಕೆ ಮರಳಿ, ಅಲ್ಲಿಯೇ ವೈದ್ಯರ ಚಿಕಿತ್ಸೆ ಪಡೆಯುತ್ತ 21ರಂದು ಲಿಂಗೈಕ್ಯರಾದುದನ್ನು ನಾಡೆಲ್ಲ ಬಲ್ಲದು. ಬಾಳಿದ ಎಡೆಯಲ್ಲಿಯೇ ಕಡೆಯ ದಿನಗಳು ಸಾಗಲಿ ಎಂಬ ಆಸೆ ಮಹಾತ್ಮರಿಗೂ ಸಾಮಾನ್ಯರಿಗೂ ಒಂದೇ. ಅಂತೂ ಮಕ್ಕಳು ತಿಂಗಳ ಸಂಬಳ ಗೊತ್ತುಮಾಡಿ ಒಬ್ಬ ಹೆಂಗಸನ್ನು ಇರಿಸಿದರು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ತನ್ನ ಇಷ್ಟಲಿಂಗದ ಪೂಜೆಯನ್ನು ತಾನೇ ಮಾಡಬೇಕಲ್ಲದೆ ಪರರ ಕೈಯಿಂದ ಮಾಡಿಸಲಾಗದೆಂಬುದು ಬಸವಣ್ಣನವರ ನಿಶ್ಚಿತವಾದ ನಿಲುವು. ಪೂಜೆಯನ್ನೇ ಕೂಲಿಗೆ ಕೊಡಲಾಗದೆಂದ ಮೇಲೆ ಹೆತ್ತವಳ ಸೇವೆಯನ್ನು ಕೊಡಬಹುದೆ? ಕೊಟ್ಟವನು ಎಷ್ಟು ದಾಸೋಹ ಮಾಡಿದರೇನು? ಹೀಗೆಂದು ಊರಿನ ಕಟ್ಟೆಯ ಮೇಲೆ ಕುಳಿತವರು ಆ ಮಕ್ಕಳನ್ನು ಹಳಿಯುವರು. ಹಳಿಯುವವರಲ್ಲಿ ಎಷ್ಟು ಜನ ತಮ್ಮ ತಾಯಿಯ ಮಗ್ಗುಲನ್ನು ತಾವೇ ಬದಲಿಸಿದ್ದಾರೆಂಬುದು ಬೇರೆ ಮಾತು.

ಈ ವಾದಕ್ಕೆ ಉತ್ತರ ಹೀಗಿದೆ. ಇಷ್ಟಲಿಂಗದ ಪೂಜೆಯು ಪೂಜಿಸುವವನ ಅಂಗಶುದ್ಧಿಗಾಗಿ ಇರತಕ್ಕದ್ದು. ಲಿಂಗಕ್ಕೆ ಅದರಿಂದ ತೀರಬೇಕಾದ ಕೊರತೆ ಇಲ್ಲ. ಆದುದರಿಂದ ಅದನ್ನು ಬದಲಿಯವರು ಮಾಡಿದರೆ ಮಾಡಿದಂತಾಗದು. ರೋಗಿಯ ಸೇವೆಯಲ್ಲಿಯಾದರೋ ಅಳತೆಗೋಲು ರೋಗಿಯ ಅಗತ್ಯ, ಮಾಡುವವನ ಪುಣ್ಯವಲ್ಲ. ಹಾಸಿಗೆ ಹಿಡಿದವಳಿಗೆ ಹಗಲಿರುಳೂ ಒಂದು ಜೊತೆ ಬಲ್ಲ ಕೈಗಳು ಬೇಕು. ಅವು ತನ್ನವಾಗಲಾರವಾದರೆ ಬೇರೆಯವರಿಂದ ಪಡೆಯುವುದೇ ಧರ್ಮ. 'ನಾನೇ ಮಾಡುವೆನು' ಎಂದು ಹಟ ಹಿಡಿದು, ಮಾಡಲು ಬಾರದೆ, ತಾಯಿಯ ಬೆನ್ನು ಹುಣ್ಣಾಗಲು ಬಿಡುವುದು ಭಕ್ತಿಯೆನಿಸದು.

ಬಾರದೆ ಮಾಡಿದರೆ ಆಗುವುದೇನೆಂಬುದನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕಾಗಿದೆ. ಅರಿವು ಮತ್ತು ಆಚಾರ ಎರಡೂ ಕೂಡಿರಬೇಕೆಂದು ಶರಣರು ಮತ್ತೆ ಮತ್ತೆ ಹೇಳಿದರು. ಆ ಮಾತು ಇಲ್ಲಿಯಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. ಮೂಳೆಯು ಚರ್ಮಕ್ಕೆ ಹತ್ತಿರವಾಗಿರುವ ಬೆನ್ನಿನ ತುದಿ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈಗಳಲ್ಲಿ ಮೈಯ ಭಾರವೇ ನೆತ್ತರಿನ ಸಂಚಾರವನ್ನು ತಡೆಯುತ್ತದೆ. ಆದುದರಿಂದ ತಾನಾಗಿ ಹೊರಳಲಾರದವರ ಮಗ್ಗುಲನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಬದಲಿಸಬೇಕೆಂದು ವೈದ್ಯರು ವಿಧಿಸುವರು. ಹುಣ್ಣಿನ ಮೊದಲ ಗುರುತು ಒತ್ತಿದರೂ ಬಿಳುಪೇರದ ಕೆಂಪು. ಈ ಸೀಮೆಯ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದೆ ಹೋಗಬಹುದು. ಸುತ್ತಲಿಗಿಂತ ಕಪ್ಪಾಗಿ, ಬಿಸಿಯಾಗಿ ಅಥವಾ ಗಟ್ಟಿಯಾಗಿ ಕೈಗೆ ಹತ್ತುತ್ತದೆ. ಆಗ ಪ್ರೀತಿಯುಳ್ಳ ಮನೆಯವರು ಏನು ಮಾಡುವರು? ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವರು. ಒಳಗೆ ಆಗಲೇ ನೊಂದ ಮಾಂಸವು ಆ ತಿಕ್ಕುವಿಕೆಯಿಂದ ಇನ್ನಷ್ಟು ಹರಿಯುತ್ತದೆ. ಆ ಜಾಗವನ್ನು ತಿಕ್ಕದೆ, ಅದರ ಮೇಲೆ ಭಾರ ಬೀಳದಂತೆ ಮಲಗಿಸುವುದೇ ಮದ್ದು.

ಊಟದ ವಿಷಯವೂ ಹಾಗೆಯೇ. ಲಕ್ವ ಹೊಡೆದವರಿಗೆ ನುಂಗುವ ಶಕ್ತಿ ಕುಂದಿರುವುದು ಸಾಮಾನ್ಯ. ಮಲಗಿಸಿಕೊಂಡೇ ತೆಳು ಗಂಜಿಯನ್ನು ಬಾಯಿಗೆ ಹುಯ್ದರೆ ಅದು ಶ್ವಾಸನಾಳಕ್ಕೆ ಇಳಿದು ಪುಪ್ಪುಸದ ಸೋಂಕಿಗೆ ಕಾರಣವಾದೀತು. ಎಬ್ಬಿಸಿ ಕೂರಿಸಿ, ಗದ್ದವನ್ನು ಸ್ವಲ್ಪ ಬಗ್ಗಿಸಿ, ಒಂದು ತುತ್ತು ಇಳಿದುದನ್ನು ಕಂಡು ಇನ್ನೊಂದನ್ನು ಕೊಡಬೇಕು. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚುವ ಮನೆಗಳಲ್ಲಿ ಇನ್ನೂ ಒಂದು ಗಂಡಾಂತರವಿದೆ. ಶ್ರಾವಣ ಸೋಮವಾರವೆಂದೋ ಶಿವರಾತ್ರಿಯೆಂದೋ ಮುದುಕಿ ಉಪವಾಸವಿರುತ್ತಾಳೆ. ಸೂಜಿ ಹಾಕುವವಳು ನಿತ್ಯದಂತೆ ಹಾಕಿಬಿಡುತ್ತಾಳೆ. ರಕ್ತದಲ್ಲಿ ಸಕ್ಕರೆ ಇಳಿದು ಬೆವರಿ, ಕಂಪಿಸಿ, ಪ್ರಜ್ಞೆ ತಪ್ಪುತ್ತದೆ. 'ಶಿವಧ್ಯಾನದಲ್ಲಿ ಮಗ್ನಳಾದಳು' ಎಂದು ಮನೆಯವರು ತಿಳಿದರೆ ಪ್ರಾಣಕ್ಕೇ ಸಂಚಕಾರ. ವ್ರತದ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸುವುದು ವ್ರತಭಂಗವೆಂದು ಭಾವಿಸತಕ್ಕದ್ದಲ್ಲ.

ಹಾಸಿಗೆ ಒದ್ದೆಯಾದೀತೆಂದು ನೀರನ್ನೇ ಕಡಿಮೆ ಕೊಡುವವರಿದ್ದಾರೆ. ವಯಸ್ಸಾದಂತೆ ಬಾಯಾರಿಕೆ ಅರಿವಿಗೆ ಬಾರದು, ಆದ್ದರಿಂದ ಮುದುಕರು ಕೇಳುವುದೂ ಇಲ್ಲ. ಬಳ್ಳಾರಿ ಸೀಮೆಯ ಬೇಸಗೆಯಲ್ಲಿ ಇದು ಎಂತಹ ಕ್ರೌರ್ಯವೆಂದು ಬೇರೆ ಹೇಳಬೇಕಿಲ್ಲ.

ಮೇಲಿನ ತಪ್ಪುಗಳಲ್ಲಿ ಯಾವುದೂ ದುಷ್ಟರ ಕೆಲಸವಲ್ಲ. ಸಂಬಳದವಳು ಮಾಡಿದರೂ ಸ್ವಂತ ಮಗಳು ಮಾಡಿದರೂ ಫಲವೊಂದೇ. ರಕ್ತಸಂಬಂಧವು ತಾನಾಗಿ ಸೇವೆಯನ್ನು ಕಲಿಸದು, ಸಂಬಳವೂ ಕಲಿಸದು. ಯಾರಾದರೂ ಕಲಿಸಬೇಕು, ಯಾರಾದರೂ ನೋಡಬೇಕು. ಗೃಹಸ್ಥನ ಭೃತ್ಯಾಚಾರವು ಉಳಿದಿರುವ ಎಡೆ ಇದೇ. ಕೈಯನ್ನು ಕೂಲಿಗೆ ಪಡೆಯಬಹುದು, ಹೊಣೆಯನ್ನು ಪಡೆಯಲಾಗದು. ನೇಮಿಸಿದವಳಿಗೆ ತಾಲ್ಲೂಕು ಆಸ್ಪತ್ರೆಯ ದಾದಿಯಿಂದ ಈ ಕೆಲಸಗಳನ್ನು ತೋರಿಸಿ ಕಲಿಸಿದನೆ? ಮದ್ದಿನ ಹೆಸರು, ಹೊತ್ತು, ಪ್ರಮಾಣಗಳನ್ನು ಓದಲು ಬರುವವರಿಗೆ ಅಕ್ಷರದಲ್ಲಿ, ಬಾರದವರಿಗೆ ಗುರುತಿನಲ್ಲಿ ಬರೆದಿಟ್ಟನೆ? ಊರಿಗೆ ಬಂದಾಗ ತಾಯಿಯ ಮುಖವನ್ನು ನೋಡಿ ಹಣ್ಣು ಇಟ್ಟು ಹಿಂದಿರುಗಿದನೋ, ಬೆನ್ನನ್ನೂ ಹಿಮ್ಮಡಿಯನ್ನೂ ನೋಡಿದನೋ? ಫೋನಿನಲ್ಲಿ 'ಅವ್ವ ಆರಾಮಿದ್ದಾಳಾ' ಎಂದು ಕೇಳಿದರೆ 'ಆರಾಮ್ ಅದಾರ್ರೀ' ಎಂಬ ಉತ್ತರವೇ ಬರುವುದು.

ಲಿಂಗವಂತರ ಮನೆಯಲ್ಲಿ ಇನ್ನೊಂದು ವಿಶೇಷವಿದೆ. ಪಟ್ಟಣದ ತರಬೇತಿಯ ಪುಸ್ತಕಗಳಲ್ಲಿ ಅದು ಸಿಕ್ಕದು. ತಾಯಿಯ ಕೊರಳಲ್ಲಿ ಶಿವದಾರ, ಎದೆಯ ಮೇಲೆ ಕರಡಿಗೆ. ಆಕೆ ಮಗ್ಗುಲಾದಾಗ ಬೆಳ್ಳಿಯ ಆ ಗಟ್ಟಿ ಕರಡಿಗೆಯು ಪಕ್ಕೆಯ ಕೆಳಗೆ ಸಿಕ್ಕಿ ಅಲ್ಲಿಯೇ ಹುಣ್ಣಾಗಲು ಕಾರಣವಾಗಬಹುದು. ದಾರವು ಕೊರಳಿಗೆ ಬಿಗಿಯಬಹುದು. ತಿಳಿಯದವಳು ಅದನ್ನು ಒಡವೆಯೆಂದು ಬಗೆದು ತೆಗೆದು ಗೂಡಿನಲ್ಲಿಟ್ಟರೆ, ಮಾತು ಬಿದ್ದುಹೋದ ಮುದುಕಿಯು ಕಣ್ಣೀರು ಸುರಿಸುವಳೇ ಹೊರತು ಕಾರಣ ಹೇಳಲಾರಳು. ಮಗ್ಗುಲು ಬದಲಿಸುವ ಪ್ರತಿಸಲವೂ ಕರಡಿಗೆಯನ್ನು ಮೇಲಿನ ಪಕ್ಕಕ್ಕೆ ಸರಿಸಬೇಕು, ಕೇಳದೆ ಮೈಯಿಂದ ಅಗಲಿಸಬಾರದು ಎಂಬಿಷ್ಟನ್ನು ಮೊದಲ ದಿನವೇ ಹೇಳಿಕೊಟ್ಟರೆ ಸಾಕು. ಪೂಜೆಯ ಹೊತ್ತಿನಲ್ಲಿ ಲಿಂಗವು ಎಡಗೈಯಲ್ಲಿರಬೇಕು. ಆ ಎಡಗೈಯೇ ಬಿದ್ದುಹೋಗಿದೆ. ಆಗ ಅದರ ಕೆಳಗೆ ಇನ್ನೊಂದು ಕೈ ಆಸರೆಯಾಗಬೇಕಲ್ಲವೆ? ಮಗನು ಊರಲ್ಲಿಲ್ಲ. ಆಸರೆಯಾಗತಕ್ಕ ಕೈ ಆ ಹೆಂಗಸಿನದೇ.

ಕೆಲವು ಮನೆಗಳು ಬೆಚ್ಚುವುದು ಇಲ್ಲಿಯೇ. ಮಲಮೂತ್ರ ಬಳಿಯುವ ಕೈ ಲಿಂಗಪೂಜೆಗೆ ಆಸರೆಯಾಗಬಹುದೆ? ಅನ್ಯಜಾತಿಯವಳಾದರೆ? ಇಂತಹ ಸಂಶಯವುಳ್ಳವರು ತಮ್ಮ ಧರ್ಮದ ಮೊದಲ ಪಾಠವನ್ನೇ ಮರೆತಿರುವರೆಂದು ಹೇಳದೆ ವಿಧಿಯಿಲ್ಲ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗೆ ಇಲ್ಲವೆಂದು ಸಾರಿದ ಪಂಥವಿದು. ಕೈಯನ್ನು ಸಾಬೂನಿನಿಂದ ತೊಳೆಯತಕ್ಕದ್ದು ಸರಿ. ಅದು ರೋಗದ ಸೋಂಕಿಗಾಗಿ, ಮೈಲಿಗೆಗಾಗಿ ಅಲ್ಲ. ಮುದುಕಿಯ ಮೈಯನ್ನೆಲ್ಲ ಆಕೆಯ ಕೈಗೆ ಒಪ್ಪಿಸಿ, ಉಣ್ಣುವಾಗ ಮಾತ್ರ ಆಕೆಯ ತಟ್ಟೆಯನ್ನು ಬೇರೆ ಗೂಡಿನಲ್ಲಿಟ್ಟು ಹಿತ್ತಲ ಬಾಗಿಲಲ್ಲಿ ಬಡಿಸುವುದು ಎಲ್ಲಿಯ ಆಚಾರ? ಅಂತಹ ಮನೆಯಲ್ಲಿ ವಿಭೂತಿಯ ತಟ್ಟೆ ಎಷ್ಟು ಬೆಳಗಿದರೂ ಶರಣರ ಮನೆಯೆಂದು ಅದನ್ನು ಕರೆಯುವುದು ಕಷ್ಟ.

ಬಸವಣ್ಣನವರ ಬಳಿಯಲ್ಲಿ ಹಡಪ, ಅಂದರೆ ಎಲೆಅಡಕೆಯ ಚೀಲ, ಹಿಡಿಯುವ ಕಾಯಕದವರೊಬ್ಬರಿದ್ದರು. ಲೌಕಿಕದೃಷ್ಟಿಯಿಂದ ಅವರು ಪ್ರಧಾನಿಯ ಮೈಗಾವಲಿನ ಪರಿಚಾರಕರು, ಸದಾ ಪಕ್ಕದಲ್ಲಿ ನಿಲ್ಲತಕ್ಕವರು. ಅವರೇ ಹಡಪದ ಅಪ್ಪಣ್ಣನವರು. ಅವರೂ ಅವರ ಪತ್ನಿ ಲಿಂಗಮ್ಮನವರೂ ರಚಿಸಿದ ವಚನಗಳು ಇಂದಿಗೂ ಉಳಿದಿವೆ. ಪಕ್ಕದಲ್ಲಿ ನಿಂತವನು ಏನನ್ನು ಕಾಣುತ್ತಾನೆ, ಏನನ್ನು ಅರಿಯುತ್ತಾನೆ ಎಂದು ಕೇಳುವ ಕಿವಿ ಕಲ್ಯಾಣದಲ್ಲಿತ್ತು. ಇಂದು ತಾಯಿಯ ಪಕ್ಕದಲ್ಲಿ ಹಗಲಿರುಳಿರುವ ಹೆಂಗಸಿಗೆ ಆಕೆಯ ವಿಷಯ ಮಕ್ಕಳಿಗಿಂತ ಹೆಚ್ಚು ಗೊತ್ತು. ನಿನ್ನೆಯಿಂದ ನುಂಗಲು ತಡವಾಗುತ್ತಿದೆ, ರಾತ್ರಿ ಬಡಬಡಿಸುತ್ತಾಳೆ, ಬಲಗಾಲೂ ಬಾತಿದೆ ಎಂದು ಮೊದಲು ಕಾಣುವವಳು ಆಕೆ. ವೈದ್ಯರಲ್ಲಿಗೆ ಹೋದಾಗ ಮಗನು ಒಳಗೆ ಮಾತಾಡುತ್ತಾನೆ, ಆಕೆ ಹೊರಗೆ ಚೀಲ ಹಿಡಿದು ಕುಳಿತಿರುತ್ತಾಳೆ. ರೋಗಿಯ ಸುರಕ್ಷತೆಗೆ ಇದಕ್ಕಿಂತ ದೊಡ್ಡ ವಿಘ್ನ ಬೇರಿಲ್ಲವೆಂದರೆ ಉತ್ಪ್ರೇಕ್ಷೆಯಾಗದು.

ಇನ್ನು ಭೃತಿಯ ಮಾತು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪತ್ನಿ ಲಕ್ಕಮ್ಮನವರು ಅದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದ ಕಥೆಯನ್ನು ಕೇಳದ ಭಕ್ತರಿಲ್ಲ. ದುಡಿಯುವವನು ಹೆಚ್ಚಿಗೆ ಆಸೆಪಡಬಾರದೆಂದು ಬೋಧಿಸಲು ಈ ಕಥೆಯನ್ನು ಬಳಸುವುದು ವಾಡಿಕೆ. ದುಡಿಸಿಕೊಳ್ಳುವವನಿಗೂ ಅದು ಸಲ್ಲುತ್ತದೆ ಎಂಬುದನ್ನು ಏಕೆ ಹೇಳುವುದಿಲ್ಲವೋ ತಿಳಿಯದು. ಹಗಲಿನ ಸಂಬಳ ಗೊತ್ತುಮಾಡಿ ರಾತ್ರಿಯ ನಿದ್ದೆಯನ್ನೂ ತೆಗೆದುಕೊಂಡರೆ, ರೋಗಿಯ ಸೇವೆಗೆ ಬಂದವಳಿಂದ ಇಡೀ ಮನೆಯ ಮುಸುರೆಯನ್ನೂ ಬಟ್ಟೆಯನ್ನೂ ಒಗೆಸಿದರೆ, ವಾರಕ್ಕೊಂದು ದಿನದ ಬಿಡುವನ್ನೂ ಕೊಡದಿದ್ದರೆ, ಮನೆಗೆ ಬಂದ ಆ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳುಹಿಸುವ ಲಕ್ಕಮ್ಮ ಆ ಮನೆಯಲ್ಲಿಲ್ಲವೆಂದೇ ಅರ್ಥ. ಕರ್ನಾಟಕ ಸರ್ಕಾರವು 2004ರಲ್ಲಿ ಮನೆಗೆಲಸವನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತಂದಿತು. ಆದರೆ ಆಜ್ಞೆಯು ಅಡುಗೆಮನೆಯ ಹೊಸ್ತಿಲನ್ನು ದಾಟುವುದು ಯಜಮಾನನ ಮನಸ್ಸಿನಿಂದಲೇ. ಇದು ದಯೆಯ ವಿಷಯವಷ್ಟೇ ಅಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದರೆ ರಾತ್ರಿಯಲ್ಲಿ ನಾಲ್ಕು ಸಲ ಏಳಬೇಕು. ಹಗಲೆಲ್ಲ ದುಡಿದವಳು ಏಳಲಾರಳು. ಎಚ್ಚರ ತಪ್ಪುತ್ತಾಳೆ, ಮದ್ದು ತಪ್ಪುತ್ತಾಳೆ, ಎತ್ತುವಾಗ ಜಾರುತ್ತಾಳೆ. ತಾಯಿಯ ಬೆನ್ನಿನ ಹುಣ್ಣಿಗೆ ಮೂಲ ಹುಡುಕುತ್ತ ಹೋದರೆ ಅದು ಎಷ್ಟೋ ಸಲ ಸೇವಕಿಯ ನಿದ್ದೆಗೆಟ್ಟ ಕಣ್ಣುಗಳಲ್ಲಿ ಸಿಕ್ಕುತ್ತದೆ. ಇಬ್ಬರೂ 'ಭೃತ್ಯ'ರೆಂದು ಶಬ್ದವು ಮೊದಲೇ ಹೇಳಿತ್ತು.

ಕಳ್ಳತನದ ಭಯವೂ ಸುಳ್ಳಲ್ಲ. ಆದರೆ ಬೆಳ್ಳಿಬಂಗಾರವನ್ನು ಮೊದಲೇ ಪಟ್ಟಿಮಾಡಿ ಭದ್ರಪಡಿಸುವುದು ಬೇರೆ, ಪ್ರತಿಸಂಜೆ ಸೆರಗು ಜಾಡಿಸಿ ನೋಡುವುದು ಬೇರೆ.

ಸುರಕ್ಷತೆಯ ಹೆಸರಿನಲ್ಲಿಯೇ ನಡೆಯುವ ಅನ್ಯಾಯವೂ ಒಂದಿದೆ. ಬಿದ್ದಾರೆಂಬ ಭಯದಿಂದ ಮುದುಕರ ಕೈಯನ್ನು ಹಳೆಯ ಸೀರೆಯ ತುಂಡಿನಿಂದ ಹೊರಸಿಗೆ ಕಟ್ಟುವುದು, ರಾತ್ರಿ ಕಾಟ ಕೊಡುವರೆಂದು ವೈದ್ಯರ ಅಪ್ಪಣೆಯಿಲ್ಲದೆ ನಿದ್ದೆಯ ಗುಳಿಗೆ ನುಂಗಿಸುವುದು. ಬೀಳುವ ಭಯ ನಿಜವಾದುದೇ. ಅರವತ್ತೈದು ದಾಟಿದವರಲ್ಲಿ ನೂರಕ್ಕೆ ಇಪ್ಪತ್ತೆಂಟರಿಂದ ಮೂವತ್ತೈದು ಮಂದಿ ವರ್ಷದಲ್ಲಿ ಒಮ್ಮೆಯಾದರೂ ಬೀಳುವರೆಂದು ವಿಶ್ವ ಆರೋಗ್ಯ ಸಂಸ್ಥೆಯು ಲೆಕ್ಕ ಹಾಕಿದೆ. ತೊಡೆಯ ಮೂಳೆ ಮುರಿದು ಮತ್ತೆ ಏಳದವರೂ ಉಂಟು. ಆದರೆ ಕಟ್ಟಿಹಾಕಿದವರು ಬಿಡಿಸಿಕೊಳ್ಳಲು ಹೆಣಗಿ ಗಾಯಗೊಳ್ಳುವರು; ಗುಳಿಗೆಯ ಮಂಪರಿನಲ್ಲಿ ಎದ್ದವರೇ ಹೆಚ್ಚು ಬೀಳುವರು. ಕಟ್ಟಬೇಕಾದುದು ಮುದುಕರ ಕೈಯನ್ನಲ್ಲ, ಗೋಡೆಗೆ ಒಂದು ಹಿಡಿಗಂಬಿಯನ್ನು. ಬಚ್ಚಲಿನ ಪಾಚಿಯನ್ನು ಉಜ್ಜಿ ತೆಗೆಯುವುದು, ಹೊಸ್ತಿಲ ಬಳಿ ರಾತ್ರಿಯಿಡೀ ಒಂದು ಸಣ್ಣ ದೀಪ, ಮಲಗಿದಲ್ಲಿಂದ ಏಳುವಾಗ ಒಂದು ಗಳಿಗೆ ಹೊರಸಿನ ಅಂಚಿನಲ್ಲಿ ಕುಳಿತು ಆಮೇಲೆ ನಿಲ್ಲುವ ಅಭ್ಯಾಸ, ಇವುಗಳ ವೆಚ್ಚ ಒಂದು ಹಬ್ಬದ ವೆಚ್ಚಕ್ಕೂ ಸಮನಾಗದು. ಕಟ್ಟೆಯವರೆಗೆ ನಡೆಯಬಲ್ಲ ಮುದುಕನು ನಡೆಯಲಿ. ಬೀಳಬಹುದು, ಆದರೂ ನಡೆಯಲಿ. ಹೊರಸಿನಲ್ಲಿಯೇ ಭದ್ರವಾಗಿ ಕೊಳೆಯುವುದನ್ನು ಆತನು ಕೇಳಿಕೊಂಡಿರಲಿಲ್ಲ.

ಇದಕ್ಕೆಲ್ಲ ಕಾನೂನಿಲ್ಲವೆ ಎಂದು ಕೇಳಬಹುದು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯು ಅನ್ನ, ವಸ್ತ್ರ, ವಸತಿಗಳ ಜೊತೆಗೆ ವೈದ್ಯಕೀಯ ಉಪಚಾರವನ್ನೂ ಪೋಷಣೆಯಲ್ಲಿ ಸೇರಿಸಿದೆ. ನೋಡಿಕೊಳ್ಳುವೆನೆಂಬ ಷರತ್ತಿನ ಮೇಲೆ ಹೊಲಮನೆ ಬರೆಸಿಕೊಂಡು ನೋಡದೆ ಬಿಟ್ಟರೆ ಆ ದಾನಪತ್ರವನ್ನು ರದ್ದುಪಡಿಸಲು ಅದರ 23ನೆಯ ಕಲಮಿನಲ್ಲಿ ಅವಕಾಶವಿದೆ. ಮನೆಗೆ ಬಂದು ಸೇವೆ ಮಾಡುವ ಸಂಸ್ಥೆಗಳು ನೋಂದಾಯಿಸಿಕೊಂಡು ಗೊತ್ತಾದ ಗುಣಮಟ್ಟವನ್ನು ಪಾಲಿಸಬೇಕೆಂಬ ತಿದ್ದುಪಡಿಯ ಮಸೂದೆಯು 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಿತ್ತು. ಅಂಗೀಕಾರವಾಗದೆ 2024ರಲ್ಲಿ ಆ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ಜಪಾನ್ ದೇಶದಲ್ಲಿ 2000ದಿಂದ ನಲವತ್ತು ದಾಟಿದ ಪ್ರತಿಯೊಬ್ಬರೂ ಆರೈಕೆಯ ವಿಮೆಗೆ ಹಣ ಕಟ್ಟುವರು. ಮುದುಕರ ಅಶಕ್ತತೆಯನ್ನು ಏಳು ಹಂತಗಳಲ್ಲಿ ಅಳೆದು ಅದಕ್ಕೆ ತಕ್ಕ ಸೇವೆಯನ್ನು ಗೊತ್ತುಮಾಡುವರು. ಅಷ್ಟು ದೂರ ಹೋಗುವುದೂ ಬೇಡ. ನೆರೆಯ ಕೇರಳದಲ್ಲಿ ಪಂಚಾಯಿತಿಗಳ ಮೂಲಕ ದಾದಿಯರು ಹಾಸಿಗೆ ಹಿಡಿದವರ ಮನೆಗೆ ಹೋಗಿ ಹುಣ್ಣು ತೊಳೆದು, ಮನೆಯವರಿಗೆ ಕಲಿಸಿ ಬರುತ್ತಾರೆ; ಆ ರಾಜ್ಯವು 2008ರಲ್ಲಿಯೇ ಇದಕ್ಕೊಂದು ನೀತಿಯನ್ನು ರೂಪಿಸಿತು. ಕೇಂದ್ರ ಸರ್ಕಾರದ ವೃದ್ಧರ ಆರೋಗ್ಯ ಕಾರ್ಯಕ್ರಮದಲ್ಲಿಯೂ ಹಾಸಿಗೆ ಹಿಡಿದವರ ಮನೆಗೆ ಆರೋಗ್ಯ ಸಿಬ್ಬಂದಿ ಭೇಟಿ ಕೊಡಬೇಕೆಂಬ ಅಂಶವಿದೆ. ಉಪಕೇಂದ್ರಕ್ಕೆ ಹೋಗಿ ಅದನ್ನು ಕೇಳುವುದು ಗೃಹಸ್ಥನ ಹಕ್ಕು. ಕೇಳುವವರು ವಿರಳ. ಜಾತ್ರೆಯ ಪ್ರಸಾದಕ್ಕೆ ಚೀಲಗಟ್ಟಲೆ ಅಕ್ಕಿ ಕೊಡುವ ಸದ್ಭಕ್ತರು ಊರಿನ ನಾಲ್ಕು ಜನ ಹೆಣ್ಣುಮಕ್ಕಳನ್ನು ವೈದ್ಯರ ಬಳಿ ಕೂರಿಸಿ ಈ ವಿದ್ಯೆಯನ್ನು ಕಲಿಸಲು ಹತ್ತರಲ್ಲೊಂದು ಪಾಲನ್ನು ವಿನಿಯೋಗಿಸಿದರೆ ಅದು ದಾಸೋಹದ ಲೆಕ್ಕಕ್ಕೆ ಸೇರದೆ ಹೋಗದು.

ಮತ್ತೆ ಆ ಮನೆಗೆ ಬರಬಹುದು. ಮಾಘಮಾಸದಲ್ಲಿ ಕೊಟ್ಟೂರಿನ ತೇರು. ದೂರದ ಊರುಗಳಿಂದ ಪಾದಯಾತ್ರೆಯಲ್ಲಿ ಜನ ಬರುವ ಹೊತ್ತಿಗೆ ಮಕ್ಕಳೂ ಮೊಮ್ಮಕ್ಕಳೂ ಮನೆ ತುಂಬುತ್ತಾರೆ. ಎಲ್ಲರೂ ತೇರಿಗೆ ಹೊರಟಾಗ ತಾಯಿಯ ಬಳಿ ಉಳಿಯಬೇಕಾದವಳು ಯಾರೆಂಬುದು ಕೇಳದೆಯೇ ನಿಶ್ಚಯವಾಗಿರುತ್ತದೆ. ಆದರೆ ಆಕೆಯೂ ಕೊಟ್ಟೂರೇಶ್ವರನಿಗೆ ನಡೆದುಕೊಳ್ಳುವವಳು. ಆಕೆಗೂ ಒಬ್ಬ ಮಗಳಿದ್ದಾಳೆ. ಈ ಸಲ ಹಿರಿಯ ಮಗನು ತಾನು ಉಳಿಯುವೆನೆಂದು ಹೇಳಿ ಆಕೆಯನ್ನು ಕಳುಹಿಸಿದನೆಂದು ಭಾವಿಸೋಣ. ಹೊರಡುವ ಮುನ್ನ ಆಕೆ ಅವನಿಗೆ ಗಡಿಯಾರ ತೋರಿಸಿ ಹೊತ್ತುಗಳನ್ನು ಹೇಳಿದಳು, ದಿಂಬುಗಳನ್ನು ಎಲ್ಲೆಲ್ಲಿ ಇಡಬೇಕೆಂದು ತೋರಿಸಿದಳು, ಕರಡಿಗೆಯನ್ನು ಮರೆಯಬೇಡಿರೆಂದು ಎರಡು ಸಲ ಎಚ್ಚರಿಸಿದಳು. ಮಧ್ಯಾಹ್ನ ಎರಡು ಗಂಟೆಗೆ ಮಗನು ತಾಯಿಯ ಹೆಗಲ ಕೆಳಗೆ ಕೈಯಿಕ್ಕಿ ಎತ್ತಲು ಹೋದನು. ಅಷ್ಟು ಸಣ್ಣಗಾದ ಮೈ ಇಷ್ಟು ಭಾರವಿರಬಹುದೆಂದು ಅವನು ಎಣಿಸಿರಲಿಲ್ಲ. ಅರ್ಧಕ್ಕೆ ನಿಂತು ಏದುಸಿರು ಬಿಟ್ಟಾಗ ತಾಯಿಯು ತೊದಲು ನಾಲಗೆಯಿಂದ ನಿಧಾನವಾಗಿ ಅಂದಳು:

"ಆಕಿ ಹಿಂಗ ಎತ್ತಂಗಿಲ್ಲಪ್ಪ. ಮೊದ್ಲು ಮೊಣಕಾಲು ಮಡಚು."